ಜಾಲಿ ಹಳ್ಳದಲ್ಲಿ ಅಮ್ಮನ ಲಿಂಗ

ಹೋದ ವಾರ ಈ ಅಂಕಣ ಬರಲಿಲ್ಲ. ‘ಲೇಖಕರ ಅನಾರೋಗ್ಯ’ ಎಂದು ಸಂಪಾದಕರು ಅಚ್ಚು ಹಾಕಿಸಿದರಂತೆ. ಸುಳ್ಳು. ನನಗೆ ನೆಗಡಿಯೂ ಆಗಿರಲಿಲ್ಲ. ನಾನು ಹಳ್ಳದಲ್ಲಿ ಮಂಡಿಯೂರಿ ದೇವರನ್ನು ಹುಡುಕುತ್ತಿದ್ದೆ.

(ನನ್ನನ್ನು ಬಲ್ಲ ಓದುಗರು ಈಗಾಗಲೇ ನಗಲು ಶುರು ಮಾಡಿರುತ್ತೀರಿ. ಸ್ವಲ್ಪ ತಡೆಯಿರಿ.)

ಶಿರಾದ ನಮ್ಮ ಬೀದಿಯಲ್ಲಿ ಇಲಿ ಬಿತ್ತು. ಇಲಿ ಬಿತ್ತೆಂದರೆ ಪ್ಲೇಗು ಬಂತೆಂದು ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೂರೇ ದಿನಕ್ಕೆ ಊರು ಖಾಲಿ. ಸ್ಕೂಲಿಗೆ ಬೀಗ, ಗುಡಿಗೆ ಬೀಗ, ಮಸೀದಿಗೂ ಬೀಗ. ಬುಕ್ಕಾಪಟ್ಟಣದ ರಸ್ತೆಯ ಬಯಲಿನಲ್ಲಿ ಎಲ್ಲರೂ ತಡಿಕೆಯ ಶೆಡ್ಡು ಹಾಕಿಕೊಂಡೆವು. ನಮ್ಮವರದೊಂದು ಸಾಲು, ಒಕ್ಕಲಿಗರದೊಂದು ಸಾಲು, ಸಾಬರದು ಹಳ್ಳದ ಆಚೆ. ಊರು ಬಿಟ್ಟೆವು, ಬೀದಿ ಬಿಡಲಿಲ್ಲ ನೋಡಿ!

ಬಯಲಿಗೆ ಬಂದ ಮೇಲೆ ಒಬ್ಬರ ಶೆಡ್ಡಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಯಾರಾದರೂ ಕೆಮ್ಮಿದರೆ ಅಕ್ಕಪಕ್ಕದವರು ತಡಿಕೆ ಎಳೆದುಕೊಳ್ಳುತ್ತಿದ್ದರು. ನಾನೂ ಎಳೆದುಕೊಂಡಿದ್ದೇನೆ.

ನನ್ನಾಕೆ ಹೆರಿಗೆಗೆಂದು ಮಧುಗಿರಿಯ ತವರಿಗೆ ಹೋಗಿದ್ದಳು. ಶೆಡ್ಡಿನಲ್ಲಿ ಅಮ್ಮ, ನಾನು, ಇಬ್ಬರೇ. ಅರವತ್ತೈದು ದಾಟಿದ ಅಮ್ಮನನ್ನು ಗದರಿಸಿ ಪ್ಲೇಗಿನ ಸೂಜಿ, ಅದೇ ಇನಾಕ್ಯುಲೇಷನ್, ಹಾಕಿಸಿದ್ದೆ. ಮಾರನೆಯ ದಿನ ಕೆಂಡದಂಥ ಜ್ವರ. ಬೆವರಿನಲ್ಲಿ ಸೀರೆ, ದುಪ್ಪಟಿ ಎಲ್ಲಾ ಒದ್ದೆ. ಬಟ್ಟೆಬರೆ ಕುದಿಸಿ ಎಂದು ಹೆಲ್ತ್ ಇನ್‌ಸ್ಪೆಕ್ಟರು ಮೊದಲೇ ಹೇಳಿದ್ದರು. ನಾನೋ ಮಿಡಲ್ ಸ್ಕೂಲ್ ಮೇಷ್ಟ್ರು. ಮೇಲಿನವರು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವ ಜಾತಿ.

ಅಮ್ಮನ ಇಷ್ಟಲಿಂಗ ಬಿಳಿ ಬಟ್ಟೆಯ ಗಂಟಿನಲ್ಲಿ ಸದಾ ಅವಳ ಎದೆಯ ಮೇಲಿರುತ್ತದೆ. ಅವಳು ಹುಟ್ಟಿದಾಗ ಕಟ್ಟಿದ್ದು. ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೇ ಅವಳಿಗೆ ಒಂದು ತೊಟ್ಟು ನೀರು. ಆ ಬಟ್ಟೆಯೂ ಬೆವರಿನಲ್ಲಿ ತೊಯ್ದು ಕತ್ತು ಕೆಂಪಗಾಗಿತ್ತು. ಜ್ವರದ ಮಂಪರಿನಲ್ಲಿದ್ದಳು. ಬಟ್ಟೆ ಬದಲಾಯಿಸಿ ಕಟ್ಟೋಣವೆಂದು ಗಂಟು ಸಮೇತ ಮೆಲ್ಲಗೆ ತೆಗೆದು, ಕುದಿಸಲು ತೆಗೆದಿಟ್ಟಿದ್ದ ಸೀರೆಯ ಮೇಲಿಟ್ಟೆ. ಅಷ್ಟರಲ್ಲಿ ಹೆಲ್ತ್ ಇನ್‌ಸ್ಪೆಕ್ಟರು ಶೆಡ್ಡಿನವರ ಹಾಜರಿ ಕೂಗಿದರು. ಓಡಿದೆ. ಬಂದವನೇ ಸೀರೆ, ದುಪ್ಪಟಿ ಎಲ್ಲಾ ಬಾಚಿ ಹಂಡೆಗೆ ತುಂಬಿದೆ. ಚೆನ್ನಾಗಿ ಕುದಿಸಿದೆ. ಒಂದೊಂದಾಗಿ ಹಿಂಡಿ, ನೀರನ್ನು ಹಳ್ಳದ ಇಳಿಜಾರಿಗೆ ಚೆಲ್ಲಿದೆ.

ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟಳು. ಕೈ ಎದೆಗೆ ಹೋಯಿತು. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಒಣಗಿದ ಬಟ್ಟೆಗಳ ನಡುವೆ ಲಿಂಗದ ಬಟ್ಟೆ ಸಿಕ್ಕಿತು. ಗಂಟು ಬಿಚ್ಚಿಕೊಂಡಿತ್ತು. ಒಳಗೆ ಏನೂ ಇರಲಿಲ್ಲ.

ತಪ್ಪಿತಸ್ಥ ಏನು ಮಾಡುತ್ತಾನೆ? ಜೋರು ಮಾಡುತ್ತಾನೆ. ನಾನೂ ಮಾಡಿದೆ. “ಅಯ್ಯನೋರಿಗೆ ಹೇಳಿ ಮಠದಿಂದ ಇನ್ನೊಂದು ತರಿಸಿದರಾಯ್ತು. ಮೊದಲು ಗಂಜಿ ಕುಡಿ.”

“ನಿನ್ನೆಂಡ್ತಿ ಕಳ್ದೋದ್ರೆ ಇಂಗೇ ಇನ್ನೊಂದ್ ತರುಸ್ತೀಯೇನ್ಲಾ?” ಎಂದಳು ಅಮ್ಮ. ಆಮೇಲೆ ದನಿ ಇಳಿಸಿ, “ನಿನ್ ಬೈತಿಲ್ಲ ಮಗ. ಅದು ಮೈಮೇಲಿಲ್ದೆ ಗಂಟ್ಲಾಗೆ ನೀರ್ ಇಳಿಯಾಕಿಲ್ಲ, ಬುಡು” ಎಂದು ತಡಿಕೆಯ ಕಡೆ ತಿರುಗಿದಳು.

ಮಾರನೆಯ ಬೆಳಿಗ್ಗೆ ಡಾಕ್ಟರು ಬಂದರು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆಯಿಲ್ಲ. ಇದು ಸೂಜಿಯ ಜ್ವರವೇ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, “ಆದರೆ ಇವತ್ತು ಹೊಟ್ಟೆಗೆ ನೀರು ಹೋಗದಿದ್ದರೆ ನಾಳೆ ನನ್ನನ್ನು ಕರೆಯಬೇಡಿ” ಎಂದರು.

ಹಳ್ಳಕ್ಕೆ ಇಳಿದೆ. ನೇರಳೆ ಹಣ್ಣಿನಷ್ಟು ದಪ್ಪದ ಕಪ್ಪು ಲಿಂಗ. ಹಳ್ಳದ ತುಂಬ ನೇರಳೆ ಹಣ್ಣಿನಷ್ಟೇ ದಪ್ಪದ ಕರಿಕಲ್ಲು. ಹೇಗೆ ಹುಡುಕುತ್ತೀರಿ? ನಾನು ಬೂಟು ಹಾಕಿಕೊಂಡು ಕೋಲಿನಿಂದ ಕೆದಕುತ್ತಾ, ಪ್ಲೇಗನ್ನೂ ಸರ್ಕಾರವನ್ನೂ ಬೈಯುತ್ತಾ ಹೋದೆ.

ಆಚೆ ದಡದಿಂದ ಬುಡೇನ್ ಸಾಬ್ ಕೂಗಿದ. ಎತ್ತಿಗೆ ಲಾಳ ಕಟ್ಟುವವನು. “ಏನ್ ಮೇಷ್ಟ್ರೇ, ಉಂಗ್ರ ಬಿತ್ತಾ?”

ಹೇಳಿದೆ. ಅವನು ನಗಲಿಲ್ಲ. “ಯಾ ಅಲ್ಲಾ! ಅಮ್ಮಾವ್ರು ನೀರೂ ಕುಡ್ದಿಲ್ವಾ?” ಎಂದವನೇ ದಡದಲ್ಲಿ ಮೆಟ್ಟು ಬಿಟ್ಟು ಬರಿಗಾಲಲ್ಲಿ ಇಳಿದ. ಹಳ್ಳದ ತುಂಬ ಜಾಲಿ ಮುಳ್ಳು.

“ಮೆಟ್ಟು ಹಾಕ್ಕೊಳ್ಳಯ್ಯ, ಮುಳ್ಳಿದೆ.”

“ಒಬ್ರ ದೇವ್ರುನ್ನ ಮೆಟ್ಟಾಕ್ಕೊಂಡು ಉಡುಕೋದಾ ಮೇಷ್ಟ್ರೇ? ತುಳುದ್ಬುಟ್ರೆ ಏನ್ ಗತಿ?”

ನಾನು ಬೂಟು ಬಿಚ್ಚಿದೆ. (ಬಿಚ್ಚುವಾಗ ಅವನ ಮುಖ ನೋಡಲಿಲ್ಲ.)

ಸುದ್ದಿ ಹೇಗೆ ಹಬ್ಬಿತೋ, ಒಬ್ಬೊಬ್ಬರೇ ಇಳಿದರು. ಒಕ್ಕಲಿಗರ ಸಾಲಿನ ಹೆಂಗಸರು ಜರಡಿ ತಂದರು. ನಮ್ಮ ಅಯ್ಯನವರು ಪಂಚೆ ಎತ್ತಿ ಕಟ್ಟಿದರು. ಹಿಂದಿನ ದಿನದವರೆಗೆ ಕೆಮ್ಮಿಗೆ ಹೆದರುತ್ತಿದ್ದವರು ಭುಜಕ್ಕೆ ಭುಜ ತಾಗಿಸಿಕೊಂಡು ಮರಳು ಜಾಲಿಸುತ್ತಿದ್ದರು. ಹೆಲ್ತ್ ಇನ್‌ಸ್ಪೆಕ್ಟರು ಕಂಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರೇನೋ. ಆದರೆ ನನಗೆ ಅವತ್ತೇ ಮೊದಲು ಅನ್ನಿಸಿತು, ನಾವಿನ್ನೂ ಒಂದು ಊರು ಅಂತ.

ನಾನು ದೇವರ ವಿಷಯದಲ್ಲಿ ಅಸಡ್ಡೆಯ ಮನುಷ್ಯ. ನಿಮಗೆ ಗೊತ್ತೇ ಇದೆ, ಎಷ್ಟು ವಾರ ಇದೇ ಜಾಗದಲ್ಲಿ ಹರಕೆ, ಮಡಿಗಳನ್ನು ಆಡಿಕೊಂಡಿಲ್ಲ? ಒಪ್ಪುತ್ತೇನೆ, ಆಡಿಕೊಳ್ಳುವುದನ್ನು ಇನ್ನೂ ಬಿಡುವುದಿಲ್ಲ. ಆದರೆ ಅವರನ್ನು ಹಳ್ಳಕ್ಕೆ ಇಳಿಸಿದ್ದು ನನ್ನ ಸೈನ್ಸ್ ಪಾಠವಂತೂ ಅಲ್ಲ.

ಮಧ್ಯಾಹ್ನ ಕಳೆದ ಮೇಲೆ ಬುಡೇನ್ ಸಾಬ್ ಕೂಗು ಹಾಕಿದ. ಓಡಿಹೋದೆ. ಬಿಸಿಲಲ್ಲಿ ಅಲ್ಲಾಡದೆ ನಿಂತಿದ್ದ. ಕಾಲ ಹತ್ತಿರ ಜಾಲಿ ಬೇರಿಗೆ ಸಿಕ್ಕಿಕೊಂಡು ಲಿಂಗ ಕೂತಿತ್ತು. ಕುದಿಗೆ ಮೇಲಿನ ಕರಿ ಲೇಪ ಒಂದು ಕಡೆ ಎದ್ದಿತ್ತು, ಅಷ್ಟೇ.

“ಎತ್ತಿಕೊಂಡು ಬರಬಾರದಿತ್ತೇನಯ್ಯ?”

“ನಾನ್ ಮುಟ್ಬೋದೋ ಬ್ಯಾಡ್ವೋ ಗೊತ್ತಾಗ್ನಿಲ್ಲ. ಯಾರೂ ತುಳೀಬಾರ್ದು ಅಂತ ನಿಂತ್ಕಂಡೆ.” ಅವನ ತುಟಿ ಒಣಗಿ ಬಿರಿದಿತ್ತು. ರಂಜಾನ್ ತಿಂಗಳು. ಬೆಳಗಿನಿಂದ ಅವನ ಬಾಯಿಗೂ ಒಂದು ತೊಟ್ಟು ನೀರು ಬಿದ್ದಿರಲಿಲ್ಲ. ಅದು ನನಗೆ ಆಗ ಹೊಳೆಯಿತು. ನನ್ನ ಕಣ್ಣು ತುಂಬಿತು.

ಅಯ್ಯನವರು ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ ಅಮ್ಮನ ಅಂಗೈಗೆ ಕೊಟ್ಟರು. ಎದ್ದು ಕೂತು ಪೂಜೆ ಮುಗಿಸಿದಳು. ಗಂಜಿ ತಂದು ಬಾಯಿಯ ಹತ್ತಿರ ಹಿಡಿದೆ. ಯಾರಿಗೆ ಸಿಕ್ಕಿತು ಎಂದು ಕೇಳಿದಳು. ಹೇಳಿದೆ.

“ಆ ಸಾಬಣ್ಣ ಏನಾರಾ ಕುಡುದ್ನಾ?”

“ಅವನಿಗೆ ರೋಜಾ ಅಮ್ಮ. ಹೊತ್ತು ಮುಳುಗೋವರೆಗೂ ಕುಡಿಯೋ ಹಾಗಿಲ್ಲ.”

“ಅಂಗಾದ್ರೆ ಇಕ್ಕು ಅತ್ಲಾಗೆ. ಅವ್ನು ಕುಡುದ್ಮ್ಯಾಲೆ ಕೊಡೀವಂತೆ.”

ನನಗೆ ರೇಗಿಹೋಯಿತು. ಕೂಗಾಡಿದೆ. ಡಾಕ್ಟರ ಮಾತು ಹೇಳಿದೆ. ಯಾರು ಕೇಳುತ್ತಾರೆ? ಲಿಂಗವನ್ನು ಎದೆಗೆ ಕಟ್ಟಿಕೊಂಡು, ತಡಿಕೆಗೆ ಒರಗಿ, ಹಳ್ಳದ ಆಚೆಗೆ ಕಣ್ಣಿಟ್ಟು ಕೂತಳು. ಹೊತ್ತು ಇಳಿಯುವವರೆಗೂ ನಾನು ಸೂರ್ಯನನ್ನು ಬೈದಷ್ಟು ಇನ್ಯಾರೂ ಬೈದಿರಲಾರರು.

ಆಚೆಯಿಂದ ಕೊನೆಗೂ ಬಾಂಗು ಕೇಳಿಸಿತು. ಬುಡೇನ್ ಸಾಬ್ ಲೋಟ ಎತ್ತಿ ಕುಡಿದ. ಅಮ್ಮ ನನ್ನ ಕೈಯಿಂದ ಗಂಜಿಯ ಬಟ್ಟಲು ಕಿತ್ತುಕೊಂಡು ಒಂದೇ ಉಸಿರಿಗೆ ಕುಡಿದು, “ಇನ್ನೊಂದೀಟು ಬುಡ್ಲಾ” ಎಂದಳು. ಅಮ್ಮ ಬದುಕಿಕೊಂಡಳು. ಈ ವಾರ ಎದ್ದು ನನ್ನನ್ನು ಬೈಯುತ್ತಾ ಓಡಾಡುತ್ತಿದ್ದಾಳೆ.

ಆ ದಿನ ನಮ್ಮ ಮೂವರಲ್ಲಿ ಮಧ್ಯಾಹ್ನ ಮುದ್ದೆ ಮುರಿದು ಉಂಡವನು ನಾನೊಬ್ಬನೇ. ಹಾಗಿದ್ದೂ ಅವರಿಬ್ಬರೂ ಕುಡಿಯುವುದನ್ನು ನೋಡುವಾಗ, ಹಸಿವಾದದ್ದು ನನಗೇ ಏಕೆ?