ವಂದನಾರ್ಪಣೆಯ ವಿಶ್ವಾರಾಧ್ಯರು

ಸಭೆಯಲ್ಲಿ ವಂದನಾರ್ಪಣೆ ಎಂದರೆ ಚಪ್ಪಲಿ ಹುಡುಕುವ ಹೊತ್ತು ಎಂದು ಎಲ್ಲರಿಗೂ ಗೊತ್ತು. ಮೂಡಲಪಾಳ್ಯದ ವಿಶ್ವಾರಾಧ್ಯರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದಾಗ ಹತ್ತಿದ ವಂದನಾರ್ಪಣೆಯ ಚಾಳಿ, ಕಾರ್ಖಾನೆ ಬಾಗಿಲು ಹಾಕಿದರೂ ಅವರನ್ನು ಬಿಡಲಿಲ್ಲ. ರಾಜ್ಯೋತ್ಸವವಿರಲಿ, ರಕ್ತದಾನವಿರಲಿ, ಇಸ್ತ್ರಿ ಶರಟು ತೊಟ್ಟು ಹಾಜರಾಗುತ್ತಿದ್ದರು. ಸ್ವಾಗತ ಭಾಷಣಕ್ಕೆ ಪೈಪೋಟಿ ಇರುತ್ತದೆ, ನಿರೂಪಣೆಗೆ ಯಾರದ್ದಾದರೂ ಸೊಸೆ ಸಿಗುತ್ತಾಳೆ. ವಂದನಾರ್ಪಣೆಗೆ ಮಾತ್ರ ಯಾರೂ ಕೈ ಎತ್ತುವುದಿಲ್ಲ. ಹಾಗಾಗಿ ಅದು ಇವರ ಸ್ವಂತ ಆಸ್ತಿಯಾಯಿತು.

ಕೆಲಸದಲ್ಲಿ ಅವರು ಪಕ್ಕಾ. ಚೀಟಿ ಇಲ್ಲದೆ, ಮುಖ್ಯ ಅತಿಥಿಯಿಂದ ಹಿಡಿದು ಕುರ್ಚಿ ಹಾಕಿದವನವರೆಗೆ ಒಬ್ಬರನ್ನೂ ಬಿಡದೆ ನೆನೆಯುತ್ತಿದ್ದರು. ಆದರೆ ಎರಡನೆಯ ಹೆಸರಿಗೇ ಸಭೆ ಎದ್ದು ಊಟದ ಕಡೆ ನಡೆದಿರುತ್ತಿತ್ತು. ಬದುಕಿನಲ್ಲಿ ಒಂದು ಸಲವಾದರೂ ತಮ್ಮ ಮಾತನ್ನು ಜನ ಕೊನೆಯವರೆಗೂ ಕೂತು ಕೇಳಬೇಕು ಎಂಬುದು ಅವರ ಕೊರಗು. ಇದೊಂದನ್ನು ಬಿಟ್ಟರೆ ಅವರಿಗೆ ಬೇರೆ ಆಸೆಗಳಿರಲಿಲ್ಲ.

ಹೋದ ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘದ ಅಧ್ಯಕ್ಷ ಬೈರಯ್ಯ ಒಂದು ರಾಕ್ ಬ್ಯಾಂಡನ್ನು ಒಪ್ಪಿಸಿ ಬಂದ. ನಾಗರಬಾವಿಯ ಚೇತನಾ ಎಂಬ ಹುಡುಗಿ ಕಟ್ಟಿದ ಬ್ಯಾಂಡು, ಹೆಸರು ‘ತಗಡು’. ಅವರಿಗೆ ಸಭೆಯೆದುರು ಹಾಡುವ ವಿಡಿಯೊ ಮಾಡಿಕೊಳ್ಳಲು ತುಂಬಿದ ಜನ ಬೇಕಿತ್ತು, ಸಂಘಕ್ಕೆ ಪುಕ್ಕಟೆ ಮನರಂಜನೆ ಬೇಕಿತ್ತು. ಡ್ರಮ್ಮಿನ ಏಟಿಗೆ ಸುತ್ತಲಿನ ಮನೆಗಳ ಕಿಟಕಿ ಗಾಜು ನಡುಗಿದವು. ಮುಂದಿನ ಸಾಲಿನ ಅಜ್ಜಿಯರು ಕಿವಿ ಮುಚ್ಚಿಕೊಂಡರೇ ಹೊರತು, ಲಾಡು ಇನ್ನೂ ಹಂಚಿರಲಿಲ್ಲವಾದ್ದರಿಂದ ಕೂತಲ್ಲಿಂದ ಕದಲಲಿಲ್ಲ. ಕೊನೆಯ ಹಾಡು ಮುಗಿಯಿತೋ ಇಲ್ಲವೋ ಎಂದು ಜನ ಇನ್ನೂ ಯೋಚಿಸುತ್ತಿರುವಾಗಲೇ ವಿಶ್ವಾರಾಧ್ಯರು ಮೈಕು ಹಿಡಿದಿದ್ದರು. ಎದುರಿಗೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಜನ ಎದ್ದು ಹೋಗಬಹುದು, ಕ್ಯಾಮೆರಾ ಎದ್ದು ಹೋಗುವುದಿಲ್ಲ ಎಂಬುದು ಅವರಿಗೆ ಆಗಲೇ ಹೊಳೆದದ್ದು. ಅಂದು ಅವರು ಮೈಮರೆತು ಮಾತಾಡಿದರು.

ಮಾರನೆಯ ದಿನವೇ ಚೇತನಾಗೆ ಫೋನು ಮಾಡಿದರು.

“ಕೊನೇಲಿ ನಾನು ಮಾತಾಡಿದ್ದು ಇದೆಯಲ್ಲ ತಾಯಿ, ಅದನ್ನ ಕತ್ತರಿಸಬೇಡ.”

“ನೋಡೋಣ ಅಂಕಲ್,” ಎಂದಳು ಅವಳು. ವಾರ ಕಳೆದ ಮೇಲೆ ಅವಳೇ ಫೋನು ಮಾಡಿದಳು. “ಅಂಕಲ್, ನಿಮ್ಮದನ್ನ ಪೂರ್ತಿ ಇಟ್ಕೊಂಡಿದೀವಿ. ಅದಿಲ್ದೆ ಈ ವಿಡಿಯೊನೇ ಇಲ್ಲ.”

ವಿಶ್ವಾರಾಧ್ಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಡಿಯೊ ಯೂಟ್ಯೂಬಿಗೆ ಬಿದ್ದ ಭಾನುವಾರ ನೆಂಟರಿಷ್ಟರಿಗೆಲ್ಲ ಲಿಂಕು ಕಳಿಸಿ, ಟಿವಿಯ ಮುಂದೆ ಹೆಂಡತಿಯನ್ನು ಕೂರಿಸಿದರು. ಹಾಡುಗಳನ್ನೆಲ್ಲ ಓಡಿಸಿ ನೇರ ತಮ್ಮ ಮಾತಿಗೆ ಬಂದರು. ಪರದೆಯ ಮೇಲೆ ಅವರು ಶಾಸಕರನ್ನು ನೆನೆದರು, ಪೊಲೀಸರನ್ನು ನೆನೆದರು, ನೀರಿನ ಟ್ಯಾಂಕರಿನವನನ್ನು, ಶಾಮಿಯಾನ, ಕುರ್ಚಿ ಹಾಕಿದ ಅಮೀನಪ್ಪನನ್ನು, ಕೊನೆಗೆ ಗದ್ದಲ ಸಹಿಸಿಕೊಂಡ ಅಕ್ಕಪಕ್ಕದ ಮನೆಯವರನ್ನೂ ನೆನೆದು ಕೈ ಮುಗಿದರು.

ಸಿದ್ದಗಂಗಮ್ಮ ಗಂಡನ ಮುಖ ನೋಡಿದರು. “ಎಲ್ರಿಗೂ ಹೇಳಿದ್ರಿ. ಹಾಡಿದ ಮಕ್ಕಳಿಗೆ ಹೇಳಲೇ ಇಲ್ವಲ್ರೀ.”

ನಿಜ. ಇಡೀ ಸಂಜೆ ಬೆವರು ಸುರಿಸಿ ಹಾಡಿದ ಬ್ಯಾಂಡಿನ ಹೆಸರೇ ಬಿಟ್ಟುಹೋಗಿತ್ತು. ಅಷ್ಟು ಹೊತ್ತಿಗೆ ಊರೇ ಅದನ್ನು ಕಂಡುಹಿಡಿದಿತ್ತು. ‘ಟ್ಯಾಂಕರ್‌ಗೂ ಥ್ಯಾಂಕ್ಸ್, ಬ್ಯಾಂಡ್‌ಗೆ ನಾಮ, ಸೂಪರ್ ಗುರು’ ಎಂದು ಯಾರೋ ವಿಡಿಯೊದ ಕೆಳಗೆ ಬರೆದಿದ್ದರು. ಬರೀ ಆ ಭಾಗವನ್ನು ಕತ್ತರಿಸಿ ಹಂಚಿದ್ದೂ ಆಯಿತು. ಹಾಡುಗಳಿಗಿಂತ ಅದನ್ನೇ ಹೆಚ್ಚು ಜನ ನೋಡಿದರು, ಅದೂ ಕೊನೆಯವರೆಗೆ.

ವಿಶ್ವಾರಾಧ್ಯರಿಗೆ ನಾಚಿಕೆಯಿಂದ ಅನ್ನ ಇಳಿಯಲಿಲ್ಲ. ಫೋನು ಮಾಡಿ ಕ್ಷಮೆ ಕೇಳಿದರೆ ಚೇತನಾ ನಕ್ಕಳು. “ಬಿಡಿ ಅಂಕಲ್. ನಮ್ಮನ್ನ ಯಾರೂ ಪೂರ್ತಿ ಕೇಳಲ್ಲ, ನಿಮ್ಮನ್ನ ಕೇಳ್ತಾರೆ.” ಆ ಮಾತಿನಿಂದ ನಾಚಿಕೆ ಅರ್ಧ ಕರಗಿತು. ಉಳಿದರ್ಧ, ವಿಜಯನಗರದ ಮಾರ್ಕೆಟ್ಟಿನಲ್ಲಿ ಇಬ್ಬರು ಹುಡುಗರು ಅವರೊಂದಿಗೆ ಸೆಲ್ಫಿ ತೆಗೆದುಕೊಂಡಾಗ ಹೋಯಿತು. ಮನುಷ್ಯನ ನಾಚಿಕೆಗೆ ಆಯಸ್ಸು ಕಡಿಮೆ. ಅವರು ಹೊಸ ಶರಟು ಹೊಲಿಸಿದರು.

ಯುಗಾದಿ ಕಳೆದು ಸಂಘದ ವಾರ್ಷಿಕೋತ್ಸವ ಬಂತು. ‘ವಂದನಾರ್ಪಣೆ: ವಿಡಿಯೊ ಖ್ಯಾತಿಯ ವಿಶ್ವಾರಾಧ್ಯ’ ಎಂದು ಬೈರಯ್ಯ ಫ್ಲೆಕ್ಸಿನಲ್ಲೇ ಹಾಕಿಸಿದ್ದ. ಸನ್ಮಾನವೆಲ್ಲ ಮುಗಿದರೂ ಜನ ಏಳಲಿಲ್ಲ. ಒಳಗಿಂದ ಬಿಸಿಬೇಳೆಬಾತಿನ ಘಮ ಬರುತ್ತಿದ್ದರೂ ಏಳಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು. ಬೈರಯ್ಯ ಕಿವಿಯ ಹತ್ತಿರ ಬಾಗಿದ.

“ಜನ ಕಾಯ್ತಾವ್ರೆ ಸಾರ್. ಯಾರ್ನಾದ್ರೂ ಒಬ್ಬರನ್ನ ಬಿಟ್ಬಿಡಿ. ನನ್ನ ಮಾತ್ರ ಬಿಡಬ್ಯಾಡಿ.”

ಮಾತು ಶುರುಮಾಡಿ ವಿಶ್ವಾರಾಧ್ಯರು ಹೆಸರು ಹೇಳುತ್ತಲೇ ಯೋಚಿಸಿದರು. ಶಾಸಕರನ್ನು ಬಿಡುವಂತಿಲ್ಲ. ದಾನಿಗಳನ್ನು ಬಿಟ್ಟರೆ ಮುಂದಿನ ವರ್ಷ ಕಾರ್ಯಕ್ರಮವಿಲ್ಲ. ಪೊಲೀಸರನ್ನು ಬಿಟ್ಟರೆ ಮೈಕಿಲ್ಲ, ಅಡುಗೆಯವರನ್ನು ಬಿಡೋಣವೆಂದರೆ ಊಟ ಇನ್ನೂ ಆಗಿಲ್ಲ. ಹೀಗೆ ಒಬ್ಬೊಬ್ಬರನ್ನೇ ದಾಟಿ, ಕೊನೆಗೆ ಬಿಟ್ಟರೂ ಯಾರೂ ಜಗಳಕ್ಕೆ ಬಾರದ ಒಂದು ಹೆಸರು ಉಳಿಯಿತು. ಅದನ್ನು ಹೇಳದೆ ಕೈ ಮುಗಿದುಬಿಟ್ಟರು.

ಎರಡು ಕ್ಷಣ ಎಲ್ಲರೂ ಲೆಕ್ಕ ಹಾಕಿದರು. ಆಮೇಲೆ ಹಿಂದಿನಿಂದ ಯಾರೋ, “ಕುರ್ಚಿ, ಕುರ್ಚಿಯವನು!” ಎಂದು ಕೂಗಿದ್ದೇ ತಡ, ನಗೆ, ಸಿಳ್ಳೆ, ಚಪ್ಪಾಳೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಬಯಸಿದ್ದು ಕೈಗೆ ಬಂದಿತ್ತು. ವಿಶ್ವಾರಾಧ್ಯರ ಕಣ್ಣು ತುಂಬಿತು.

ಊಟ ಮುಗಿಸಿ ಹೊರಟಾಗ ಅಮೀನಪ್ಪ ಒಬ್ಬನೇ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ.

“ತಮಾಷೆಗೆ ಕಣಪ್ಪ,” ಎಂದರು ವಿಶ್ವಾರಾಧ್ಯರು. “ಬೇಜಾರ್ ಮಾಡ್ಕೋಬೇಡ.”

“ಇಲ್ಲ ಬಿಡಿ ಸಾರ್.” ಅಮೀನಪ್ಪ ಕೆಲಸ ನಿಲ್ಲಿಸಲಿಲ್ಲ. “ನಮ್ಮ ಹೆಸರು ಬರೋದು ಕೊನೇಲಿ ತಾನೆ. ಅದಕ್ಕೇ ಪ್ರತಿ ಸಲ ಹಿಂದೆ ನಿಂತ್ಕೊಂಡು ನಿಮ್ಮ ಮಾತು ಪೂರ್ತಿ ಕೇಳ್ತಿದ್ದೆ. ಆ ಹಾಡಿನ ವಿಡಿಯೊದಾಗೆ ನನ್ನ ಹೆಸರು ಕೇಳ್ಬಿಟ್ಟು, ಇವತ್ತು ಮನೆಯವಳೂ ಬರ್ತೀನಿ ಅಂದ್ಲು. ಕರ್ಕೊಂಡ್ ಬಂದಿದ್ದೆ.”

ವಿಶ್ವಾರಾಧ್ಯರು ಸುತ್ತ ನೋಡಿದರು. ಹೆಂಗಸರ್ಯಾರೂ ಕಾಣಲಿಲ್ಲ.

“ಊಟ ಮಾಡ್ಕೊಂಡು ಹೋಗಮ್ಮ ಅಂದೆ,” ಎಂದ ಅಮೀನಪ್ಪ, “ಹೊರಟೋದ್ಲು. ಸ್ವಲ್ಪ ಈ ಕಡೆ ಬನ್ನಿ ಸಾರ್, ಆ ಕುರ್ಚಿ ತಗೋಬೇಕು.”