ಶರಣಮ್ಮನ ರೇಡಿಯೋ, ನನ್ನ ರಿಪೋರ್ಟು

2004ರಲ್ಲಿ ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆಯಲ್ಲಿ, ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ, ನನ್ನ ಕ್ಲಿನಿಕ್ ಇತ್ತು. ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು, ಬೇಕಾದವರಿಗೆ ಹಿಯರಿಂಗ್ ಏಡ್ ಹೊಂದಿಸಿಕೊಡುವುದು ನನ್ನ ಕೆಲಸ. ಔಷಧಿ ಬರೆಯುವ ವೈದ್ಯ ನಾನಲ್ಲ ಎಂದು ಎಷ್ಟು ಹೇಳಿದರೂ ಬಂದವರೆಲ್ಲ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಕೊನೆಕೊನೆಗೆ ತಿದ್ದುವುದನ್ನು ನಾನೂ ಬಿಟ್ಟೆ.

ಆಗ ಊರಿನ ಇನ್ನೊಂದು ತುದಿಯ ಮಾದಾಪುರದ ಕಡೆ ನೋಡನೋಡುತ್ತಲೇ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕಾಚಿಗೂಡ ಮಾತ್ರ ತನ್ನ ಲಾಡ್ಜು, ಚಹಾದಂಗಡಿಗಳೊಂದಿಗೆ ಹಾಗೇ ಇತ್ತು. ನನ್ನ ಬೋರ್ಡಿನಲ್ಲಿ ತೆಲುಗು, ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಒಂದು ಸಾಲು ಬರೆಸಿದ್ದೆ. ನಾನು ರಾಯಚೂರು ಜಿಲ್ಲೆಯ ಮಾನ್ವಿಯವನು. ರೈಲಿಳಿದು ಬಂದ ನಮ್ಮ ಕಡೆಯ ಜನ ಆ ಒಂದು ಸಾಲನ್ನು ನೋಡಿ ಮೆಟ್ಟಿಲು ಹತ್ತುತ್ತಿದ್ದರು.

ಕ್ಲಿನಿಕ್ಕಿನ ಹಿಂದಿನ ಗಲ್ಲಿಯಲ್ಲೇ ನಮ್ಮ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ನಮ್ಮ ಅವ್ವ. ಅವ್ವನಿಗೆಂದು ನಾನೊಂದು ಹೊಸ ರೇಡಿಯೋ ತಂದಿದ್ದೆ. ಬೆಳಿಗ್ಗೆ ಎದ್ದ ಕೂಡಲೆ ನನ್ನ ಮೊದಲ ಕೆಲಸ ಅದನ್ನು ಹಚ್ಚಿ ಅವಳ ಪಕ್ಕದಲ್ಲಿ ಇಡುವುದು. ನಾನು ಒಂಬತ್ತು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಮಾನ್ವಿಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅವ್ವ ಕುಬಸ ಹೊಲಿದು ನನ್ನನ್ನು ಓದಿಸಿದಳು. ಬೆಳಗಿನ ಮೊದಲ ಸ್ವರದಿಂದ ಹಿಡಿದು ಸಂಜೆಯ ವಾರ್ತೆಯವರೆಗೆ ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ಅಪ್ಪನ ರೇಡಿಯೋ ಹಾಡುತ್ತಲೇ ಇರುತ್ತಿತ್ತು. ತಲೆಗೆ ಬಿಗಿಯಾಗಿ ಒಂದು ಅರಿವೆ, ಕಿವಿಯಲ್ಲಿ ಹತ್ತಿ, ಕಾಲು ಮಷಿನ್ನಿನ ಮೇಲೆ. ಅವ್ವನ ಚಿತ್ರ ನನ್ನ ಕಣ್ಣಲ್ಲಿ ಇರುವುದೇ ಹೀಗೆ. ಅವಳಿಗೆ ಥಂಡಿ ತಡೆಯುವುದಿಲ್ಲ, ಅದಕ್ಕೇ ಹತ್ತಿ ಎಂದುಕೊಂಡಿದ್ದೆ. ಹೈದರಾಬಾದಿಗೆ ಬಂದ ಮೇಲೂ ಹತ್ತಿಯ ಡಬ್ಬಿ ಅವಳ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಸುನಂದಾ ಎಂಬ ಮೂವತ್ತರ ಹೆಣ್ಣುಮಗಳು ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಅವಳು ಮಾದಾಪುರದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಮನೆ ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿ. ತಾಯಿ ಶರಣಮ್ಮ ರಾಯಚೂರು ಜಿಲ್ಲೆಯವರು. ಅವರ ಯಜಮಾನರು ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವರು ತೀರಿಹೋದ ಮೇಲೆ ಕ್ವಾರ್ಟರ್ಸ್ ಬಿಟ್ಟು, ಒಂದು ಟ್ರಂಕು, ಒಂದು ರೇಡಿಯೋ ಹಿಡಿದುಕೊಂಡು ಶರಣಮ್ಮ ಮಗಳ ಮನೆಗೆ ಬಂದಿದ್ದರು. ಸುನಂದಾಳ ಎಂಟು ತಿಂಗಳ ಕೂಸು ಹಗಲೆಲ್ಲ ಅಜ್ಜಿಯ ಕೈಯಲ್ಲೇ. ಗಂಡ ಹೆಂಡತಿ ಇಬ್ಬರೂ ಎಂಟಕ್ಕೆ ಕ್ಯಾಬ್ ಹತ್ತಿದರೆ ಬರುವುದು ಸಂಜೆಗೆ.

ಹಿಂದಿನ ವಾರ ಸುನಂದಾ ಆಫೀಸಿನಿಂದ ಮನೆಗೆ ಎಂಟು ಹತ್ತು ಸಲ ಫೋನ್ ಮಾಡಿದ್ದಳು. ಯಾರೂ ಎತ್ತಲಿಲ್ಲ. ಗಾಬರಿಯಿಂದ ಓಡಿ ಬಂದು ಬೆಲ್ ಒತ್ತಿದರೆ ಬಾಗಿಲು ತೆರೆಯಲಿಲ್ಲ, ಒಳಗಿನಿಂದ ರೇಡಿಯೋ ಮಾತ್ರ ಗಟ್ಟಿಯಾಗಿ ಕೇಳುತ್ತಿತ್ತು. ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದರೆ ಅಜ್ಜಿ ಮೊಮ್ಮಗಳು ಇಬ್ಬರೂ ಆರಾಮಾಗಿದ್ದರು. ಅದಕ್ಕೇ ಸುನಂದಾ ತಾಯಿಯನ್ನು ನನ್ನ ಹತ್ತಿರ ಕರೆತಂದಿದ್ದಳು.

“ಅವ್ವನ ಕೈಯಾಗ ಕೂಸನ್ನ ಬಿಟ್ಟು ಹೋಗಬಹುದಾ ಇಲ್ಲಾ, ಅಷ್ಟು ಹೇಳ್ರಿ ಡಾಕ್ಟರ್. ಬ್ಯಾಡ ಅಂದ್ರ ಆಫೀಸಿನ ಹತ್ರ ಬೇಬಿ ಕೇರ್ ಐತಿ, ಅಲ್ಲಿ ಬಿಡ್ತೀನಿ,” ಎಂದಳು.

ಶರಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಮಗಳು ಹೇಳಿದ್ದು ಅವರಿಗೆ ಪೂರ್ತಿ ಕೇಳಿಸಿರಲಿಕ್ಕಿಲ್ಲ, ಆದರೆ ವಿಷಯ ತಿಳಿದಿತ್ತು.

ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಬೀಪ್ ಕೇಳಿಸಿ, ಕೇಳಿದಾಗಲೆಲ್ಲ ಬೆರಳೆತ್ತಲು ಹೇಳುವುದು ನಮ್ಮ ಪರೀಕ್ಷೆ. ಬಂದ ಫಲಿತಾಂಶದ ಗೆರೆಚಿತ್ರಕ್ಕೆ ಆಡಿಯೋಗ್ರಾಂ ಎನ್ನುತ್ತಾರೆ. ಶರಣಮ್ಮನವರಿಗೆ ಬಲಗಿವಿಯಲ್ಲಿ 50 ಡೆಸಿಬೆಲ್, ಎಡಗಿವಿಯಲ್ಲಿ 55ರಷ್ಟು ನಷ್ಟವಿತ್ತು. ಎದುರು ಕುಳಿತು ಗಟ್ಟಿಯಾಗಿ ಮಾತಾಡಿದರೆ ತಿಳಿಯುತ್ತದೆ, ಇನ್ನೊಂದು ಕೋಣೆಯಿಂದ ಕರೆದರೆ ತಿಳಿಯುವುದಿಲ್ಲ, ಆ ಮಟ್ಟದ್ದು. ಎರಡೂ ಕಿವಿಗೆ ಡಿಜಿಟಲ್ ಹಿಯರಿಂಗ್ ಏಡ್ ಹೊಂದಿಸಿದೆ. ರಿಪೋರ್ಟಿನಲ್ಲಿ, “ಮನೆಯಲ್ಲಿ ರೇಡಿಯೋ ಧ್ವನಿ ಅತಿಯಾಗಿ ಇಡುತ್ತಾರೆ, ಹಗಲೆಲ್ಲ ಯಂತ್ರ ಧರಿಸದೆ ಒಬ್ಬರೇ ಮಗುವನ್ನು ನೋಡಿಕೊಳ್ಳುವುದು ಸುರಕ್ಷಿತವಲ್ಲ,” ಎಂದು ಬರೆದು ಸಹಿ ಹಾಕಿದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಆ ಎರಡು ಸಾಲನ್ನೂ ದುಂಡಗೇ ಬರೆದಿದ್ದೆ.

ಎರಡು ವಾರದ ನಂತರ ತಾಯಿ ಮಗಳು ಮತ್ತೆ ಬಂದರು. ನಾನು ಮೊದಲು ನೋಡುವುದು ಬ್ಯಾಟರಿ. ಅಂಗಿಯ ಗುಂಡಿಗಿಂತ ಚಿಕ್ಕದಾದ ಈ ಬ್ಯಾಟರಿ ಹಗಲೆಲ್ಲ ಹಾಕಿಕೊಂಡರೆ ಹೆಚ್ಚೆಂದರೆ ಹತ್ತು ದಿನ ಬರುತ್ತದೆ. ಶರಣಮ್ಮನವರದು ಇನ್ನೂ ತುಂಬಿಕೊಂಡೇ ಇತ್ತು. ಕೊಟ್ಟಿದ್ದ ಹೊಸ ಪ್ಯಾಕೆಟ್ ಒಡೆದಿರಲಿಲ್ಲ.

“ಹಾಕ್ಕೊಂಡೇ ಇಲ್ಲಲ್ಲ ಅವ್ವಾರ?” ಎಂದೆ.

ಸುನಂದಾಳ ಕಣ್ಣು ತುಂಬಿತು. “ಸಂಜೀಗೆ ನಾ ಬರೋ ಹೊತ್ತಿಗೆ ಕಿವ್ಯಾಗ ಇರ್ತೈತ್ರಿ. ನನಗ ತೋರ್ಸಾಕ ಅಷ್ಟ. ಸೋಮವಾರದಿಂದ ಕೂಸನ್ನ ಬೇಬಿ ಕೇರಿಗೆ ಹಾಕ್ತೀನಿ,” ಎಂದು ಎದ್ದು ಹೊರಗೆ ಹೋದಳು.

ಶರಣಮ್ಮ ಏಳಲಿಲ್ಲ. ಮೇಜಿನ ಮೇಲೆ ಬಗ್ಗಿ ಮೆಲ್ಲಗೆ ಹೇಳಿದರು: “ತಮ್ಮಾ, ಆ ಡಬ್ಬಿಯಂಥಾ ಖೋಲ್ಯಾಗ ಕುಂದ್ರಿಸಿ ನನ್ನ ಕಿವಿ ನೋಡಿದಿ. ಒಮ್ಮೆ ನನ್ನ ಮನ್ಯಾಗ ಬಂದು ನೋಡು. ಆಮ್ಯಾಲೆ ಏನರ ಬರಿ.”

ಅಷ್ಟು ವರ್ಷಗಳಲ್ಲಿ ನಾನು ಯಾವ ರೋಗಿಯ ಮನೆಗೂ ಹೋದವನಲ್ಲ. ಕಿವಿ ಎಲ್ಲಿದ್ದರೂ ಕಿವಿಯೇ ಎಂಬ ಧಿಮಾಕು ನನ್ನದು. ಆದರೆ ಆ “ತಮ್ಮಾ” ಎಂಬ ಕರೆ ನಮ್ಮೂರಿನದು, ತಳ್ಳಿಹಾಕಲಾಗಲಿಲ್ಲ. ಶುಕ್ರವಾರ ಮಧ್ಯಾಹ್ನ ಬರುತ್ತೇನೆ ಎಂದೆ. ಸುನಂದಾ ಅರ್ಧ ದಿನ ರಜೆ ಹಾಕಲು ಒಪ್ಪಿಕೊಂಡಳು.

ಶುಕ್ರವಾರ ಸದ್ದಿನ ಮಟ್ಟ ಅಳೆಯುವ ಮೀಟರನ್ನು ಚೀಲದಲ್ಲಿ ಹಾಕಿಕೊಂಡು ಕೊಂಡಾಪುರಕ್ಕೆ ಹೋದೆ. ಲಿಫ್ಟಿನ ಹತ್ತಿರ ಸುನಂದಾ ಕಾಯುತ್ತಿದ್ದಳು. ಬಾಗಿಲ ಹೊರಗೇ ರೇಡಿಯೋ ಕೇಳುತ್ತಿತ್ತು. ಬೆಲ್ ಒತ್ತದೆ, ಅವಳ ಕೀಲಿಯಿಂದಲೇ ಬಾಗಿಲು ತೆಗೆದು ಒಳಗೆ ಹೋದೆವು.

ನಡುಮನೆಯ ಸೂರಿನ ಕೊಕ್ಕೆಗೆ ಹಳೆಯ ಇಳಕಲ್ ಸೀರೆಯ ಜೋಲಿ ಕಟ್ಟಿತ್ತು. ಅದರಲ್ಲಿ ಕೂಸು ಮಲಗಿತ್ತು. ಜೋಲಿಯಿಂದ ಒಂದು ದಾರ ನೆಲದ ಮೇಲೆ ಹಾದು ಅಡುಗೆಮನೆಗೆ ಹೋಗಿತ್ತು. ನಾವು ದಾರ ಹಿಡಿದು ಹೊರಟವರಂತೆ ಒಳಗೆ ಇಣುಕಿದೆವು. ಶರಣಮ್ಮ ಗೋಡೆಗೆ ಒರಗಿ, ಕಾಲು ಚಾಚಿ ನೆಲದ ಮೇಲೆ ಕುಳಿತು ಪುಂಡಿಪಲ್ಯದ ಸೊಪ್ಪು ಬಿಡಿಸಿ ಸೋಸುತ್ತಿದ್ದರು. ದಾರದ ಇನ್ನೊಂದು ತುದಿ ಅವರ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ಕಾಲು ಆಡಿಸಿದಾಗಲೆಲ್ಲ ಅಲ್ಲಿ ಜೋಲಿ ತೂಗುತ್ತಿತ್ತು. ಪಕ್ಕದ ಅಡುಗೆ ಕಟ್ಟೆಯ ಮೇಲೆ ರೇಡಿಯೋ, ಕಲಬುರಗಿ ಸ್ಟೇಷನ್ನು, ಮೀಟರಿನಲ್ಲಿ 78 ಡೆಸಿಬೆಲ್, ವಾಹನ ಓಡಾಡುವ ರಸ್ತೆಯಷ್ಟು ಸದ್ದು.

ನನ್ನನ್ನು ನೋಡಿ ಅವರು ನಕ್ಕರು. ಕೈ ಮೇಲೆ ಮಾಡಿ ರೇಡಿಯೋ ಬಂದ್ ಮಾಡಿದರು.

ಒಂದು ನಿಮಿಷವೂ ಆಗಿರಲಿಲ್ಲ. ಜೋಲಿ ಮಿಸುಕಿತು. ದಾರ ಜಗ್ಗಿ ಅವರ ಹೆಬ್ಬೆರಳು ಅಲುಗಿತು. “ನೋಡು, ಎದ್ಲು,” ಎಂದರು. ಅವರು ಹೇಳಿದ ಮೇಲೆ ಕೂಸಿನ ಅಳು ನನಗೆ ಕೇಳಿಸಿತು. ನನ್ನ ಕಿವಿಗಿಂತ ಅವರ ಬೆರಳಿಗೆ ಮೊದಲು ಸುದ್ದಿ ಹೋಗಿತ್ತು. ಮತ್ತೆ ರೇಡಿಯೋ ಹಚ್ಚಿ ಕಾಲು ಆಡಿಸಿದರು. ಅಳು ಸಣ್ಣದಾಯಿತು, ನಿಂತಿತು.

“ರೇಡಿಯೋ ನನಗಲ್ಲ ತಮ್ಮಾ. ನನಗ ಅರ್ಧಾ ತಿಳಿಯಂಗಿಲ್ಲ. ಈ ಗ್ವಾಡಿ ಅಡ್ಡ ಬಂದು ಕೂಸಿಗೆ ನಾ ಕಾಣಂಗಿಲ್ಲ. ರೇಡಿಯೋ ಹಾಡಾಕತ್ತಿದ್ರ ಮುದುಕಿ ಇಲ್ಲೇ ಅದಾಳ ಅಂತ ಅದಕ್ಕ ಗೊತ್ತಾಗತೈತಿ, ಮಲಕೊಂತೈತಿ. ಈಕೀನೂ ಹಿಂಗ ಬೆಳದಾಕಿ.”

ಬಾಗಿಲಲ್ಲೇ ನಿಂತಿದ್ದ ಸುನಂದಾ ಧ್ವನಿ ಏರಿಸಿ ಕೇಳಿದಳು: “ನನಗೂ ದಾರ ಕಟ್ಕೊಂತಿದ್ದೇನವ್ವಾ?”

“ನೀ ಭಾಳ ಹಟಮಾರಿ ಇದ್ದಿ. ನಿನಗ ಎರಡು ಬೆರಳಿಗೆ ಕಟ್ಕೊಂತಿದ್ದೆ.”

ಸುನಂದಾ ನಗುವುದೋ ಅಳುವುದೋ ತಿಳಿಯದೆ ತಾಯಿಯ ಪಕ್ಕದಲ್ಲಿ ಕುಳಿತು, ಒಂದು ಹಿಡಿ ಪಲ್ಯ ತೆಗೆದುಕೊಂಡು ಸೋಸತೊಡಗಿದಳು.

“ಅದು ಸರಿ ಅವ್ವಾರ, ಮಷಿನ್ ಯಾಕ ತಗದಿಟ್ರಿ?” ಎಂದು ಎದುರು ಕುಳಿತು ಗಟ್ಟಿಯಾಗಿ ಕೇಳಿದೆ.

ಶರಣಮ್ಮ ಮಗಳ ಕಡೆ ನೋಡಿ ತಡವರಿಸಿದರು. ಆಮೇಲೆ ಹೇಳಿಯೇಬಿಟ್ಟರು. ಯಂತ್ರ ಹಾಕಿಕೊಂಡ ಎರಡನೆಯ ದಿನವೇ, ಎತ್ತಿಕೊಂಡಿದ್ದ ಕೂಸು ಅದನ್ನು ಕಿವಿಯಿಂದ ಕಿತ್ತಿತ್ತು. ಬ್ಯಾಟರಿಯ ಬಾಗಿಲು ತೆರೆದುಕೊಂಡು ಬ್ಯಾಟರಿ ಕೂಸಿನ ಬಾಯಿಗೆ ಹೋಗಿತ್ತು. ಇವರು ಬಾಯಿಗೆ ಬೆರಳು ಹಾಕಿ ತೆಗೆದಿದ್ದರು. “ಅವತ್ತಿನಿಂದ ಕೂಸು ಕೈಯಾಗಿದ್ರ ಅದನ್ನ ಮುಟ್ಟಿಲ್ಲ. ಈಕಿಗೆ ಹೇಳಿದ್ರ ಹೆದರಿ ಕೂಸನ್ನ ನನ್ನಿಂದ ಕಸಗೊಂತಾಳ ಅಂತ ಬಾಯಿ ಬಿಡಲಿಲ್ಲ.”

ಗುಂಡಿ ಬ್ಯಾಟರಿಯನ್ನು ಮಗು ನುಂಗಿದರೆ ಅದು ಗಂಟಲನ್ನೇ ಸುಡುತ್ತದೆ, ಜೀವಕ್ಕೇ ಅಪಾಯ. ಇದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಮನೆಯಲ್ಲಿ ಎಂಟು ತಿಂಗಳ ಕೂಸಿದೆ ಎಂದು ಗೊತ್ತಿದ್ದೂ ನಾನು ಒಂದು ಮಾತು ಎಚ್ಚರಿಸಿರಲಿಲ್ಲ, ಮಕ್ಕಳು ತೆರೆಯಲಾಗದ ಲಾಕ್ ಇರುವ ಮಾದರಿಯನ್ನೂ ಕೊಟ್ಟಿರಲಿಲ್ಲ. ಸುರಕ್ಷಿತವಲ್ಲ ಎಂದು ಬರೆದವನು ನಾನು. ಸುರಕ್ಷಿತವಲ್ಲದ್ದನ್ನು ಕಿವಿಗೆ ಸಿಕ್ಕಿಸಿ ಕಳಿಸಿದವನೂ ನಾನೇ.

“ತಪ್ಪು ನನ್ನದು ಅವ್ವಾರ,” ಎಂದೆ. ಸುನಂದಾಳ ಎದುರಿಗೇ ಹೇಳಿದೆ. ಹೇಳಬೇಕಿತ್ತು.

ಅವತ್ತು ಸಂಜೆಯೊಳಗೆ ಮೂರು ಕೆಲಸ ಗೊತ್ತುಮಾಡಿಕೊಂಡೆವು. ಲಾಕ್ ಇರುವ ಯಂತ್ರ ಬದಲಿಗೆ ಬರುವವರೆಗೆ, ಕೂಸು ಕೈಯಲ್ಲಿದ್ದಾಗ ಯಂತ್ರ ಬೇಡ. ಬಾಗಿಲ ಬೆಲ್ಲಿಗೂ ಫೋನಿಗೂ ತಂತಿ ಎಳೆಸಿ ಅಡುಗೆಮನೆಯಲ್ಲೊಂದು ಕೆಂಪು ಬಲ್ಬ್ ಹಾಕಿಸುವುದು. ರೇಡಿಯೋವನ್ನು ಕಟ್ಟೆಯಿಂದ ಇಳಿಸಿ ಅಡುಗೆಮನೆಯ ಬಾಗಿಲ ಹತ್ತಿರ, ಜೋಲಿಯ ಕಡೆ ಮುಖ ಮಾಡಿ ಇಡುವುದು. ಹೀಗೆ ಇಟ್ಟ ಮೇಲೆ ಧ್ವನಿ ಅರ್ಧಕ್ಕಿಳಿಸಿದರೂ ಕೂಸು ಏಳಲಿಲ್ಲ. ನಾನು ಹಳೆಯ ರಿಪೋರ್ಟಿನ ಎರಡು ಸಾಲಿಗೆ ಅಡ್ಡಗೆರೆ ಎಳೆದು, “ಈ ಏರ್ಪಾಡಿನೊಂದಿಗೆ ತಾಯಿ ಮಗುವನ್ನು ನೋಡಿಕೊಳ್ಳಲು ಸಮರ್ಥರು,” ಎಂದು ಬರೆದೆ. ಸುನಂದಾ ಅದನ್ನು ಓದಲೂ ಇಲ್ಲ. ಬೇಬಿ ಕೇರಿಗೆ ಫೋನ್ ಮಾಡಿ ಸೋಮವಾರ ಬರುವುದಿಲ್ಲ ಎಂದು ಹೇಳುತ್ತಿದ್ದಳು.

ಹೊರಡುವಾಗ ಶರಣಮ್ಮ ನನ್ನ ಮನೆಯವರನ್ನೆಲ್ಲ ವಿಚಾರಿಸಿಕೊಂಡು ಒಂದು ಕಟ್ಟು ಪುಂಡಿಪಲ್ಯ ಕೈಗಿಟ್ಟರು. “ನಿಮ್ಮವ್ವಗ ಕೊಡು. ಆಕೀಗೂ ರೇಡಿಯೋ ಇತ್ತೇನು?”

“ಇತ್ರಿ. ಭಾಳ ಹುಚ್ಚು ಆಕೀಗೆ,” ಎಂದೆ.

ಮನೆಗೆ ಬಂದಾಗ ಅವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಪಲ್ಯ ಕೊಟ್ಟು, ಶರಣಮ್ಮನ ಕಥೆ ಹೇಳಿದೆ. ದಾರದ ಮಾತು ಬಂದಾಗ, ಇದರಲ್ಲೇನು ಹೊಸದು ಎಂಬಂತೆ ನನ್ನ ಮುಖ ನೋಡಿದಳು. ಅವಳ ಪಕ್ಕದಲ್ಲಿ ಹತ್ತಿಯ ಡಬ್ಬಿ ಇತ್ತು. ಊರವರ ಕಿವಿಯನ್ನೆಲ್ಲ ನೋಡಿದವನಿಗೆ ಅದನ್ನು ಕೇಳಬೇಕೆಂದು ಅವತ್ತೇ ಮೊದಲು ಅನಿಸಿತು.

“ಅವ್ವಾ, ನೀ ಕಿವ್ಯಾಗ ಹತ್ತಿ ಯಾಕ ಇಟ್ಕೊಂತಿ?”

“ರೇಡಿಯೋದ ಗದ್ದಲಕ್ಕ. ನನಗ ಅರೆತಲಿನೋವು ಅಲ್ಲೇನು? ಸಪ್ಪಳ ಆದ್ರ ತಲಿ ಸಿಡಿತೈತಿ.”

“ಹಂಗಾದ್ರ ಮಾನ್ವ್ಯಾಗ ದಿನಾಲೂ ಯಾಕ ಹಚ್ತಿದ್ದಿ?”

ಅವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮಪ್ಪ ಹೋದ ಮ್ಯಾಲೆ ಮನಿ ಸುಮ್ಮನಾತು. ರೇಡಿಯೋ ಬಂದ್ ಮಾಡಿದ್ರ ನೀ ಬಾಗಲ ಕಡೀಗೆ ನೋಡ್ಕೋತ ಕುಂದ್ರತಿದ್ದಿ. ಉಣ್ತಿರಲಿಲ್ಲ, ಓದ್ತಿರಲಿಲ್ಲ. ಹಚ್ಚಿದ್ರ ಉಣ್ತಿದ್ದಿ. ಅದಕ್ಕ ಹಚ್ಚೇ ಇಡ್ತಿದ್ದೆ.”

“ಇಲ್ಲಿ ದಿನಾ ನಾ ಹಚ್ತೀನಲ್ಲ. ಬ್ಯಾಡ ಅನ್ನಬಾರದೇನು?”

“ನಿನಗ ಸೇರ್ತೈತಿ ಅಂತ ಸುಮ್ಮನಿದ್ದೆ.”

ನನ್ನ ಬಾಲ್ಯದ ಅತಿ ಸಿಹಿಯಾದ ನೆನಪು ಯಾವುದೆಂದು ಯಾರಾದರೂ ಕೇಳಿದ್ದರೆ, ಆ ರೇಡಿಯೋ ಎನ್ನುತ್ತಿದ್ದೆ. ಆ ಸಿಹಿಯನ್ನು ಅವಳು ತಲೆನೋವಿನಲ್ಲಿ ದಿನದಿನವೂ ಸಹಿಸಿ ನನಗೆ ಕೊಟ್ಟಿದ್ದಳು. ನನ್ನ ಮೇಲಿನ ಅವಳ ಋಣ ದೊಡ್ಡದು, ಹೇಳಿ ಮುಗಿಯುವಂಥದಲ್ಲ. ಅವತ್ತು ಅವಳ ಪಕ್ಕ ಕುಳಿತು ಅಷ್ಟೂ ಶೇಂಗಾ ನಾನೇ ಸುಲಿದೆ.

ಮರುದಿನದಿಂದ ನನ್ನ ಕ್ಲಿನಿಕ್ಕಿನ ಫಾರಂ ಬದಲಾಯಿತು. ಕೇಳಿಸುತ್ತದೆಯೇ, ಎಷ್ಟು ದಿನದಿಂದ, ಯಾವ ಕಿವಿ ಎಂಬ ಪ್ರಶ್ನೆಗಳಿಗಿಂತ ಮೇಲೆ ಹೊಸದೊಂದನ್ನು ಸೇರಿಸಿದೆ: “ಮನೆಯಲ್ಲಿ ನೀವು ಯಾರನ್ನು ನೋಡಿಕೊಳ್ಳುತ್ತೀರಿ?” ನಿವೃತ್ತನಾಗುವವರೆಗೂ ಮೊದಲು ಅದನ್ನೇ ಕೇಳಿದೆ. ಹಿರಿಯ ಹೆಂಗಸರು ಆ ಒಂದು ಪ್ರಶ್ನೆಗೆ ಕೊಡುವ ಉತ್ತರದಲ್ಲೇ ನನ್ನ ಅರ್ಧ ಕೆಲಸ ಮುಗಿಯುತ್ತಿತ್ತು.

ಅದೇ ಮರುದಿನ ಬೆಳಿಗ್ಗೆ ಎದ್ದವನು ರೇಡಿಯೋ ಮುಟ್ಟಲಿಲ್ಲ. ಇನ್ನಾದರೂ ಅವ್ವ ಆರಾಮಾಗಿರಲಿ ಎಂದು ಸದ್ದಿಲ್ಲದೆ ಚಹಾ ಕುಡಿಯುತ್ತ ಕುಳಿತೆ. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಒಳಗಿನಿಂದ ಅವ್ವನ ಧ್ವನಿ ಬಂತು, ಸ್ವಲ್ಪ ಗಾಬರಿಯಲ್ಲಿ.

“ಯಾಕಪ್ಪಾ, ಇವತ್ತು ರೇಡಿಯೋ ಸಪ್ಪಳಿಲ್ಲ? ಮೈಯಾಗ ಆರಾಮಿಲ್ಲೇನು?”

ನಾನು ಎದ್ದು ಹೋಗಿ ರೇಡಿಯೋ ಹಚ್ಚಿದೆ, ಬಹಳ ಸಣ್ಣಗೆ. ಅವ್ವ ಹತ್ತಿಯ ಡಬ್ಬಿಯ ಕಡೆ ಕೈ ಚಾಚಿದಳು, ಒಂದು ಗಳಿಗೆ ಆಲಿಸಿದಳು, ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.