ಅಡ್ಡಹೆಸರಿಗೊಂದು ಪ್ರಶ್ನೆಚಿಹ್ನೆ

ರೊಟ್ಟಿಗೆಂದು ಅಕ್ಕಿಹಿಟ್ಟು ಸಾಣಿಸುತ್ತಿದ್ದಾಗ ಫೋನು ಬಂತು. ನನ್ನ ಭಾವನ ಮಗಳು ಜೂಲಿ. "ಕಾಕು, ಪಟ್ಟ್ಯಾಗ ಆಯಿ ಹೆಸರ ಇಲ್ಲ!"

ಆಯಿ ಎಂದರೆ ಅವಳ ಅಜ್ಜಿ, ನನ್ನ ಅತ್ತೆ. ಪಟ್ಟಿ ಎಂದರೆ ತೀರಿಹೋದವರದ್ದು. ನವೆಂಬರಿನಲ್ಲಿ ನಮ್ಮ ಇಗರ್ಜಿಯಲ್ಲಿ ಒಂದೊಂದೇ ಹೆಸರು ಓದಿ ಪ್ರಾರ್ಥಿಸುತ್ತಾರೆ. ಓದುವುದು ಅಂದು ಸಂಜೆಯೇ. ಬದುಕಿದ್ದಾಗ ಅತ್ತೆಯನ್ನು ಸಾಲಿನಿಂದ ಸರಿಸಿದವರು ಯಾರೂ ಇರಲಿಲ್ಲ.

ಈ ಸಲ ಪಟ್ಟಿ ಮಾಡುವ ಕೆಲಸ ಜೂಲಿಯದು; ಜನ ಹೆಸರುಗಳನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಜೊತೆಗೆ ಗುಡ್ ಮಾರ್ನಿಂಗು, ನಮಸ್ಕಾರ, ಫೋನ್ ನಂಬರು. ಅದರೊಳಗಿಂದ ಹೆಸರು ಹೆಕ್ಕಲು, ಹಳಿಯಾಳದಲ್ಲಿ ಕಂಪ್ಯೂಟರ್ ಕಲಿಯುವ ಜೂಲಿ ರೆಜೆಕ್ಸ್ ಎಂಬ ಸಾಣಿಗೆ ಹಿಡಿದಳು. ಅಕ್ಷರಗಳು ಹೇಗೆ ಸಾಲುಗೂಡಬೇಕೆಂದು ಅಚ್ಚು ಬರೆದುಕೊಟ್ಟರೆ, ಅದಕ್ಕೆ ಹೊಂದುವುದನ್ನಷ್ಟೇ ಅದು ಹಿಡಿಯುತ್ತದಂತೆ. ಇವಳ ಅಚ್ಚು: ಒಂದು ಹೆಸರು, ನಡುವೆ ತೆರಪು, ಆಮೇಲೆ ಅಡ್ಡಹೆಸರು. ನಮ್ಮತ್ತೆ ಬರೀ ರೋಜಿ. "ನಾ ಸಿದ್ದಿ ಅಂತ ಮುಖಾನ ಹೇಳ್ತೈತಿ, ಹೆಸರಿಗೆ ಬಾಲ ಯಾಕ?" ಎನ್ನುತ್ತಿದ್ದರು. ಎಂದೋ ಆಫ್ರಿಕಾದಿಂದ ಬಂದವರ ಸಂತತಿ, ನಾವು ಸಿದ್ದಿಗಳು.

"ಆಯಿ ಹೆಸರಿಗೆ 'ಸಿದ್ದಿ' ಅಂತ ಹಚ್ಚಿಬಿಡ್ತೇನಿ ಕಾಕು, ಮುಗೀತೈತಿ."

"ಹಚ್ಚಿ ನೋಡು! ಗೋರಿಯಿಂದ ಎದ್ದು ಬಂದು ನಿನ್ನ ಕಿವಿ ಹಿಂಡ್ತಾರ. ತಿದ್ದೂದಿದ್ರ ನಿನ್ನ ಸಾಣಿಗಿ ತಿದ್ದು."

ಸಾಣಿಗೆಯಲ್ಲಿ ಏನೇನು ಗುರುತುಗಳಿವೆ ಎಂದು ಕೇಳಿದೆ, ಅವಳು ಬಿಡಿಸಿ ಹೇಳಿದಳು. ಚುಕ್ಕೆ ಇಟ್ಟರೆ ಅಲ್ಲಿ ಯಾವ ಅಕ್ಷರ ಬಂದರೂ ಸರಿ, ಆದರೆ ಒಂದೇ. ಬಸ್ಸಿನ ಕಿಟಕಿ ಸೀಟಿನಂತೆ. ಕೂಡಿಸುವ ಗುರುತಿದ್ದರೆ ಅದರ ಹಿಂದಿನದು ಒಂದಾದರೂ ಬೇಕು, ಎಷ್ಟಾದರೂ ಇರಲಿ. ನಕ್ಷತ್ರ ಇನ್ನೂ ಉದಾರಿ: ಎಷ್ಟಾದರೂ ಇರಲಿ, ಒಂದೂ ಇಲ್ಲದಿದ್ದರೂ ನಡೆದೀತು, ನಮ್ಮ ಸಾರಿನೊಳಗಿನ ಮೀನಿನ ಹಾಗೆ. ಪ್ರಶ್ನೆಚಿಹ್ನೆ ಇದ್ದರೆ ಹಿಂದಿನದು ಒಮ್ಮೆ ಇರಬಹುದು, ಇಲ್ಲದೆಯೂ ಇರಬಹುದು.

ಹಿಟ್ಟು ಮೆತ್ತಿದ ಕೈಯಲ್ಲೇ ಆ ಪ್ರಶ್ನೆಚಿಹ್ನೆಗೆ ಕೈಮುಗಿದೆ. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ, "ನೀವು ಯಾವ ದೇಶದವರ್ರಿ?" ಎನ್ನುವವರ ಮುಖದಲ್ಲಿ ನಾನು ಕಂಡ ಪ್ರಶ್ನೆಚಿಹ್ನೆಯೇ ಬೇರೆ. ಇದು ಒಳಗೆ ಕರೆಯುವಂಥದ್ದು.

"ತೆರಪು, ಅಡ್ಡಹೆಸರು ಎರಡಕ್ಕೂ ಸೇರಿಸಿ ಅದನ್ನ ಹಚ್ಚು."

"ಹಂಗ ಮಾಡಿದ್ರ 'ನಮಸ್ಕಾರ' ಸುದ್ದಾ ಸತ್ತವರ ಪಟ್ಟಿಗೆ ಬರ್ತೈತಿ!"

"ಬರ್ಲಿ. ಅಕ್ಕ್ಯಾಗ ಕಲ್ಲ ಬಂದ್ರ ಅಕ್ಕಿ ಚೆಲ್ತೀಯೇನ? ಕುಂತು ಆರಿಸು."

ಗೊಣಗುತ್ತಲೇ ತಿದ್ದಿದಳು. ರೋಜಿ ಬಂದರು. ಅವರ ಬೆನ್ನಿಗೆ ಒಂಟಿ ಹೆಸರಿನ ಇನ್ನೂ ಕೆಲವು ಮುದುಕಿಯರು ಬಂದರು. ಅವರ ಪರವಾಗಿ ಯಾರೂ ಜಗಳ ಆಡಿರಲಿಲ್ಲ. ಅತ್ತೆಗೆ ಜಗಳಗಂಟಿ ಸೊಸೆ ಸಿಕ್ಕಿದ್ದೂ ದೇವರ ಕೃಪೆಯೇ. ದೇವರಿಗೆ ಪಟ್ಟಿ ಬೇಕಿಲ್ಲ, ಬಲ್ಲೆ. ಆದರೆ ಅದನ್ನು ಓದುವಾಗ ಬೆಂಚಿನ ಮೇಲೆ ತಲೆಯೆತ್ತಿ ಕೂರಬೇಕಾದವರು ನಾವು.

ಸಾಣಿಗೆಯಲ್ಲಿ ಉಳಿದ ತರಿಯನ್ನು ಗಂಜಿಗೆ ಎತ್ತಿಟ್ಟು, ರೊಟ್ಟಿಗೆ ಎಸರಿಟ್ಟೆ.